ಡಿಸ್ಕ್ ಜಾರಿದೆ ಎಂದರೆ ನಿಜಕ್ಕೂ ಏನಾಗಿದೆ?

ಬಕೆಟ್ ಎತ್ತಿದ್ದಕ್ಕೋ, ಬಗ್ಗಿ ಷೂ ಲೇಸು ಕಟ್ಟಿದ್ದಕ್ಕೋ, ಅದೂ ಇಲ್ಲದೆ ಬರೀ ಒಂದು ಸೀನು ಸೀನಿದ್ದಕ್ಕೋ ಸೊಂಟದಲ್ಲಿ ಚಳಕ್ಕೆನ್ನುತ್ತದೆ. ಎರಡು ದಿನ ನೆಟ್ಟಗೆ ನಿಲ್ಲಲಾಗುವುದಿಲ್ಲ. ಮೂರನೆಯ ದಿನ, ಸೊಂಟ ಕೊಂಚ ಸಡಿಲವಾಯಿತು ಅನ್ನುವಷ್ಟರಲ್ಲಿ ನೋವು ಕಾಲಿಗೆ ಇಳಿದಿರುತ್ತದೆ. ಕುಂಡಿಯಿಂದ ಶುರುವಾಗಿ ತೊಡೆಯ ಹಿಂಬದಿ, ಮೀನಖಂಡ, ಪಾದದ ಅಂಚು, ಹೀಗೆ ಗೆರೆ ಎಳೆದ ಹಾಗೆ. ಕೆಮ್ಮಿದರೆ ಕರೆಂಟು ಹೊಡೆದಂತಾಗುತ್ತದೆ. ಕೆಲವು ದಿನಗಳ ನಂತರ ಕೈಗೆ ಎಂಆರ್‌ಐ ವರದಿ ಬರುತ್ತದೆ. ಅದರಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಪ್ರೊಟ್ರೂಷನ್’ ಎಂದೋ ‘ಎಲ್‌5–ಎಸ್‌1 ಎಕ್ಸ್‌ಟ್ರೂಷನ್’ ಎಂದೋ ಬರೆದಿರುತ್ತದೆ. ಮನೆಯವರಿಗೆ ಫೋನಿನಲ್ಲಿ ಹೇಳುವಾಗ ಅದೆಲ್ಲ ಕರಗಿ ಎರಡೇ ಪದ ಉಳಿಯುತ್ತವೆ: ‘ಡಿಸ್ಕ್ ಜಾರಿದೆ.’

ಈ ‘ಜಾರಿದೆ’ ಎಂಬ ಮಾತಿನ ಮೇಲೆ ನನಗೆ ಸಿಟ್ಟಿದೆ. ಜಾರಿದ್ದು ಎಂದ ಕೂಡಲೇ ಯಾರಾದರೂ ಅದನ್ನು ಹಿಂದಕ್ಕೆ ತಳ್ಳಿ ಕೂರಿಸಬೇಕು ಅನ್ನಿಸುತ್ತದೆ. ಬಗ್ಗಿದರೆ ಇನ್ನಷ್ಟು ಜಾರೀತು ಅನ್ನಿಸುತ್ತದೆ. ಅಲ್ಲಿಂದಾಚೆಗೆ ಮನುಷ್ಯ ಹಾಸಿಗೆಯಿಂದ ಏಳಲೂ ಹೆದರುತ್ತಾನೆ. ವಾಸ್ತವದಲ್ಲಿ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಜಾರುವ ಹಾಗೆ ಅದನ್ನು ಕೂರಿಸಿಯೂ ಇಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಬೆಳೆದು ಅಂಟಿಕೊಂಡಿರುತ್ತದೆ. ಆಗುವುದೇ ಬೇರೆ.

ಒಳಗೆ ತಿರುಳು, ಸುತ್ತ ಹೆಣಿಗೆ

ಬೆನ್ನೆಲುಬು ಒಂದರ ಮೇಲೊಂದು ಪೇರಿಸಿದ ಮಣಿಗಳ ಕಂಬ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 (ವರದಿಯಲ್ಲಿ ‘ಎಲ್’ ಅನ್ನುವುದು ಇವನ್ನೇ), ಅದರ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ (‘ಎಸ್’). ಕತ್ತಿನ ಮೊದಲ ಎರಡು ಮಣಿಗಳ ನಡುವೆ ಬಿಟ್ಟರೆ ಉಳಿದೆಡೆ ಎರಡು ಮಣಿಗಳ ಸಂದಿಯಲ್ಲಿ ಒಂದೊಂದು ಡಿಸ್ಕ್, ಒಟ್ಟು 23. ಕಂಬದ ಎತ್ತರದ ಸುಮಾರು ಕಾಲು ಭಾಗ ಈ ಮೆತ್ತೆಗಳದ್ದೇ.

ಪ್ರತಿ ಡಿಸ್ಕಿನ ನಡುವೆ ಲೋಳೆಯಂಥ ತಿರುಳು. ಅದರ ಸುತ್ತ ಹದಿನೈದಿಪ್ಪತ್ತು ಪದರಗಳ ನಾರಿನ ಬಳೆ. ಒಂದು ಪದರದ ನಾರು ಬಲಕ್ಕೆ ಓರೆಯಾಗಿದ್ದರೆ ಮುಂದಿನದು ಎಡಕ್ಕೆ ಓರೆ, ಬುಟ್ಟಿ ಹೆಣೆದ ಹಾಗೆ. ಹೀಗಾಗಿ ಯಾವ ಕಡೆಗೆ ತಿರುಚಿದರೂ ಅರ್ಧದಷ್ಟು ನಾರುಗಳು ಬಿಗಿಯುತ್ತವೆ, ಉಳಿದರ್ಧ ಸಡಿಲಗೊಳ್ಳುತ್ತವೆ. ತಿರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಅಣುಗಳಿವೆ. ಹುಟ್ಟಿದಾಗ ತಿರುಳಿನ ಶೇ 80ಕ್ಕೂ ಹೆಚ್ಚು ಭಾಗ ನೀರೇ, ಮುಪ್ಪಿಗೆ ಅದು ಶೇ 70ರ ಸುಮಾರಿಗೆ ಇಳಿಯುತ್ತದೆ.

ಈ ನೀರಿನ ಲೆಕ್ಕ ನಿಮ್ಮ ಮನೆಯ ಗೋಡೆಯ ಮೇಲೇ ಕಾಣುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಬೆನ್ನು ಕೊಟ್ಟು ಎತ್ತರ ಗುರುತು ಮಾಡಿ, ರಾತ್ರಿ ಮಲಗುವ ಮುನ್ನ ಮತ್ತೆ ಗುರುತು ಮಾಡಿ. ಒಂದು ಸೆಂಟಿಮೀಟರಿನಿಂದ ಎರಡರವರೆಗೆ ಕುಳ್ಳಗಾಗಿರುತ್ತೀರಿ. ಹಗಲಿಡೀ ಮೈಭಾರ ಹೊತ್ತು ಹಿಂಡಿದ ಸ್ಪಂಜಿನಂತಾದ ಡಿಸ್ಕ್ ರಾತ್ರಿ ಮಲಗಿದಾಗ ನೀರು ಹೀರಿ ಮತ್ತೆ ಉಬ್ಬುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾನಿಗಳ ಎತ್ತರ ಶೇ 3ರವರೆಗೆ ಹೆಚ್ಚುವುದರಲ್ಲಿ ಈ ಉಬ್ಬಿನ ಪಾಲೂ ಇದೆ. ಸೊಂಟನೋವಿನವರಿಗೆ ಬೆಳಗಿನ ಮೊದಲ ಗಂಟೆ ಯಾಕೆ ಕಷ್ಟ ಎಂಬುದಕ್ಕೂ ಇದೇ ಒಂದು ಉತ್ತರ. ಆಗ ಡಿಸ್ಕ್ ತುಂಬಿಕೊಂಡು ಬಿಗಿದಿರುತ್ತದೆ, ಬಗ್ಗಿದಾಗ ನಾರಿನ ಬಳೆಯ ಮೇಲೆ ಬೀಳುವ ಎಳೆತ ಹೆಚ್ಚು.

ನೀರು ಒಳಹೊರಗೆ ಆಡುವುದರ ಇನ್ನೊಂದು ಅರ್ಥ ಗಮನಿಸಿ. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಮೇಲೆ ಕೆಳಗಿನ ಮೂಳೆಯಿಂದ ತೆಳುವಾದ ಮೃದ್ವಸ್ಥಿಯ ಮೂಲಕ ಜಿನುಗಿ ಬಂದದ್ದೇ ಅದರ ಊಟ. ಹಾಗಾಗಿ ಡಿಸ್ಕಿನಲ್ಲಿ ಬಿರುಕು ಬಿಟ್ಟರೆ ಚರ್ಮದ ಗಾಯದಷ್ಟು ಬೇಗ ಅದು ಕೂಡುವುದಿಲ್ಲ. ನೋವು ತಿಳಿಯುವ ನರಗಳು ಕೂಡ ಬಳೆಯ ಹೊರ ಪದರಗಳಲ್ಲಿ ಮಾತ್ರ ಇರುತ್ತವೆ. ಒಳಗಿನ ಪದರಗಳು ವರ್ಷಗಟ್ಟಲೆ ಒಂದೊಂದಾಗಿ ಸೀಳುತ್ತ ಬಂದರೂ ನಮಗೆ ಗೊತ್ತಾಗದಿರಬಹುದು. ಆ ಸೀನು ಕೊನೆಯ ಪದರವನ್ನಷ್ಟೇ ಹರಿದಿರುತ್ತದೆ, ಅಪವಾದವೆಲ್ಲ ಅದರ ತಲೆಗೆ.

ಬಳೆ ಹರಿದ ಕಡೆ ತಿರುಳು ಹೊರಕ್ಕೆ ನುಗ್ಗುವುದೇ ನಾವು ‘ಜಾರಿದೆ’ ಅನ್ನುವ ಸಂಗತಿ. ಬೆನ್ನೆಲುಬಿನ ಹಿಂಬದಿಯ ನಡುವೆ ಉದ್ದಕ್ಕೆ ಗಟ್ಟಿ ಪಟ್ಟಿಯಂಥ ಅಸ್ಥಿರಜ್ಜು ಇದೆ, ಸೊಂಟಕ್ಕೆ ಬರುವಷ್ಟರಲ್ಲಿ ಅದು ಕಿರಿದಾಗುತ್ತದೆ. ಅದರ ಪಕ್ಕದ ಕಾವಲಿಲ್ಲದ ಜಾಗದಿಂದಲೇ ತಿರುಳು ಹೆಚ್ಚಾಗಿ ಹೊರಬೀಳುತ್ತದೆ, ಅಂದರೆ ಹಿಂದಕ್ಕೆ ಮತ್ತು ಒಂದು ಬದಿಗೆ. ದುರದೃಷ್ಟವೆಂದರೆ ಕಾಲಿಗೆ ಹೋಗುವ ನರದ ಬೇರು ಹಾದುಹೋಗುವುದೂ ಅಲ್ಲೇ.

ವರದಿಯಲ್ಲಿ ಕಾಣುವ ಪದಗಳು ಇದೇ ಘಟನೆಯ ಬೇರೆ ಬೇರೆ ಹಂತಗಳು. ಬಲ್ಜ್ ಎಂದರೆ ಡಿಸ್ಕಿನ ಅಂಚು ಸುತ್ತಲೂ ಅಗಲವಾಗಿ ಉಬ್ಬಿದೆ, ಗಾಳಿ ಕಡಿಮೆಯಾದ ಟೈರಿನ ಹಾಗೆ. ಅದು ಹರ್ನಿಯೇಷನ್, ಅಂದರೆ ಡಿಸ್ಕ್ ಒಂದು ಕಡೆ ಹೊರಕ್ಕೆ ನುಗ್ಗುವುದರ, ಲೆಕ್ಕಕ್ಕೇ ಬರುವುದಿಲ್ಲ. ಪ್ರೊಟ್ರೂಷನ್ ಎಂದರೆ ಒಂದು ಕಡೆ ಮಾತ್ರ ಗುಬುಟು ಬಂದಿದೆ, ಅದರ ಬುಡ ಅಗಲವಾಗಿದೆ. ಎಕ್ಸ್‌ಟ್ರೂಷನ್‌ನಲ್ಲಿ ಹೊರಬಂದ ಭಾಗ ತನ್ನ ಕುತ್ತಿಗೆಗಿಂತ ದಪ್ಪ. ಆ ತುಂಡು ಪೂರ್ತಿ ಕಳಚಿಕೊಂಡು ಬೇರೆಯಾದರೆ ಅದು ಸೀಕ್ವೆಸ್ಟ್ರೇಷನ್. ಓದುವಾಗ ಕೊನೆಯದೇ ಎಲ್ಲಕ್ಕಿಂತ ಭಯಂಕರ ಅನ್ನಿಸುತ್ತದೆ. ಅದರ ಬಗ್ಗೆ ಮುಂದೆ ಒಂದು ಸಿಹಿಸುದ್ದಿ ಇದೆ.

ಇದು ಮುಪ್ಪಿನ ಕಾಯಿಲೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಹೆಚ್ಚು ಜನರಿಗೆ ಬರುವುದು 30ರಿಂದ 50ರ ವಯಸ್ಸಿನಲ್ಲಿ. ಆಗ ಬಳೆ ಸವೆಯತೊಡಗಿರುತ್ತದೆ, ತಿರುಳು ಮಾತ್ರ ಇನ್ನೂ ರಸವತ್ತಾಗಿದ್ದು ಒಳಗಿನಿಂದ ಒತ್ತುತ್ತಿರುತ್ತದೆ. ಎಪ್ಪತ್ತರ ಡಿಸ್ಕಿನಲ್ಲಿ ಹೊರಚಿಮ್ಮುವಷ್ಟು ತಿರುಳೇ ಉಳಿದಿರುವುದಿಲ್ಲ.

ಭಾರ ಎತ್ತಿದ್ದಕ್ಕೇ ಹೀಗಾಯಿತೇ?

ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕ ತನ್ನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಣ್ಣ ಸಂವೇದಕ ಇರಿಸಿಕೊಂಡು ಸುಮಾರು ಒಂದು ದಿನ ಕಳೆದ. 1999ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ ಸುಮ್ಮನೆ ನಿಂತಾಗ ಡಿಸ್ಕಿನೊಳಗೆ 0.5 ಮೆಗಾಪಾಸ್ಕಲ್, ಅಂದರೆ ಕಾರಿನ ಟೈರಿನ ಸುಮಾರು ಎರಡು ಪಟ್ಟು ಒತ್ತಡ. ಮಲಗಿದಾಗ 0.1. ಬೆನ್ನು ಬಾಗಿಸಿ 20 ಕಿಲೊ ಎತ್ತಿದಾಗ 2.3, ಮಂಡಿ ಮಡಚಿ ಎತ್ತಿದಾಗ 1.7. ಅದೇ 20 ಕಿಲೊವನ್ನು ಮೈಗೆ ಒತ್ತಿ ಹಿಡಿದರೆ 1.1, ಕೈ ಚಾಚಿ ದೂರ ಹಿಡಿದರೆ 1.8. ಮಂಡಿ ಮಡಚಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ, ಭಾರವನ್ನು ಹೊಟ್ಟೆಗೆ ಅವಚಿಕೊಳ್ಳಿ ಎಂದು ಹೇಳುವವರು ಕಡಿಮೆ. ಆ ಅಳತೆಯಲ್ಲಿ ಇನ್ನೊಂದು ತಮಾಷೆಯೂ ಇತ್ತು. ಕೂರುವುದು ನಿಲ್ಲುವುದಕ್ಕಿಂತ ಡಿಸ್ಕಿಗೆ ಕೆಟ್ಟದ್ದು ಎಂದು 1960ರ ದಶಕದ ಅಳತೆಗಳಿಂದ ನಂಬಿಕೊಂಡು ಬಂದಿದ್ದರು. ಈತ ಕುರ್ಚಿಗೆ ಒರಗಿ ಮೈ ಸಡಿಲಬಿಟ್ಟು ಕೂತಾಗ ಒತ್ತಡ ನಿಂತದ್ದಕ್ಕಿಂತ ಕಡಿಮೆಯಿತ್ತು.

ಹಾಗೆಂದು ಭಾರ ಒಂದರದ್ದೇ ತಪ್ಪಲ್ಲ. ಅವಳಿಗಳನ್ನು ಇಟ್ಟುಕೊಂಡು ನಡೆದ ಅಧ್ಯಯನಗಳಲ್ಲಿ, ಒಬ್ಬ ಜೀವನವಿಡೀ ದೈಹಿಕ ದುಡಿಮೆ ಮಾಡಿ ಇನ್ನೊಬ್ಬ ಮೇಜಿನ ಮುಂದೆ ಕೂತಿದ್ದರೂ ಇಬ್ಬರ ಡಿಸ್ಕುಗಳು ಅಚ್ಚರಿ ಹುಟ್ಟಿಸುವಷ್ಟು ಒಂದೇ ಥರ ಸವೆದಿದ್ದವು. ಅಪ್ಪ ಅಮ್ಮನಿಂದ ಬಂದ ಪಾಲು ದೊಡ್ಡದು. ಧೂಮಪಾನವೂ ಸೇರಿಕೊಳ್ಳುತ್ತದೆ, ಮೊದಲೇ ಜಿನುಗು ಊಟದಲ್ಲಿ ಬದುಕುವ ಅಂಗಕ್ಕೆ ಅದು ಇನ್ನಷ್ಟು ಕೊರತೆ ಮಾಡುತ್ತದೆ. ‘ಅವತ್ತು ಆ ಬಕೆಟ್ ಎತ್ತದೇ ಇದ್ದಿದ್ದರೆ’ ಎಂದು ಕೊರಗುವವರಿಗೆ ಇದಿಷ್ಟು ಸಮಾಧಾನ.

ನೋವು ಕಾಲಿಗೆ ಇಳಿಯುವುದು ಹೇಗೆ

ಸೊಂಟದಿಂದ ಕಾಲಿಗಿಳಿಯುವ ನೋವು ಜನರಿಗೆ ಎಂದಿನಿಂದಲೋ ಗೊತ್ತು. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರು, ರೋಗಿಯ ನಡಿಗೆ ಗೃಧ್ರದ, ಅಂದರೆ ರಣಹದ್ದಿನ, ನಡಿಗೆಯಂತಾಗುತ್ತದೆ ಎಂದು ಅರ್ಥ ಹೇಳುತ್ತಾರೆ. ಇಟಲಿಯ ದೊಮೆನಿಕೊ ಕೊತುನ್ಯೊ 1764ರಲ್ಲೇ ಇದು ನರದ ನೋವು ಎಂದು ಬರೆದ. ಆದರೆ ನರಕ್ಕೆ ಏನಾಗಿದೆ ಎಂಬುದು ತಿಳಿಯಲು ಇನ್ನೂ 170 ವರ್ಷ ಬೇಕಾಯಿತು. 1900ರ ನಂತರದ ಮೊದಲ ದಶಕಗಳಲ್ಲಿ ಶಸ್ತ್ರವೈದ್ಯರು ಬೆನ್ನು ತೆರೆದು ನರವನ್ನು ಒತ್ತುತ್ತಿದ್ದ ತುಂಡನ್ನು ತೆಗೆದದ್ದೂ ಉಂಟು. ಅದನ್ನು ಅವರು ಮೃದ್ವಸ್ಥಿಯ ಗೆಡ್ಡೆ ಎಂದುಕೊಂಡಿದ್ದರು. ಅದು ಗೆಡ್ಡೆಯಲ್ಲ, ಡಿಸ್ಕಿನದೇ ಹೊರಬಿದ್ದ ತುಂಡು ಎಂದು ಬಾಸ್ಟನ್‌ನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಆ ಒಂದು ಲೇಖನದಿಂದ ಡಿಸ್ಕ್ ಆಪರೇಷನ್‌ಗಳ ಯುಗವೇ ಶುರುವಾಯಿತು. ಯಾವ ನೋವಿಗೂ ಡಿಸ್ಕನ್ನೇ ದೂರುವ ಚಾಳಿಯೂ ಜೊತೆಗೇ ಶುರುವಾಯಿತು ಎನ್ನಿ.

ಒತ್ತುವುದರಿಂದಲೇ ನೋವು ಎಂದು ಬಹುಕಾಲ ಅಂದುಕೊಂಡಿದ್ದರು. ಯೋಚಿಸಿ ನೋಡಿದರೆ ಅದು ಪೂರ್ತಿ ಹೊಂದುವುದಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತು ನರ ಒತ್ತಿಕೊಂಡರೆ ಜೋಮು ಹಿಡಿಯುತ್ತದೆ, ಪ್ರಾಣ ಹೋಗುವಂಥ ನೋವೇನೂ ಬರುವುದಿಲ್ಲ. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ನರದ ಬೇರಿನ ಮೇಲೆ ಡಿಸ್ಕಿನ ತಿರುಳನ್ನು ಒತ್ತಡವಿಲ್ಲದೆ ಬರೀ ಸವರಿಟ್ಟರು. ಅಷ್ಟಕ್ಕೇ ನರದ ಕೆಲಸ ಕುಂದಿತು. ತಿರುಳಿನಲ್ಲಿರುವ ರಾಸಾಯನಿಕಗಳು ನರಕ್ಕೆ ಉರಿಯೂತ ತರುತ್ತವೆ. ಊದಿಕೊಂಡು ಕೆರಳಿದ ನರವನ್ನು ಆಮೇಲೆ ಮುಟ್ಟಿದರೂ ಸಾಕು, ಚೀರುತ್ತದೆ. ಒತ್ತಡ ಮತ್ತು ಉರಿಯೂತ ಎರಡೂ ಸೇರಿದಾಗಲೇ ಸಯಾಟಿಕಾ, ಅಂದರೆ ಕಾಲಿಗಿಳಿಯುವ ಈ ನರದ ನೋವು. ಉರಿಯೂತ ಇಳಿದರೆ ತುಂಡು ಅಲ್ಲೇ ಇದ್ದರೂ ನೋವು ಇಳಿಯಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಚಿಕಿತ್ಸೆಯ ಅರ್ಧ ಕಥೆ ಇದರಲ್ಲೇ ಇದೆ.

ಇಲ್ಲೊಂದು ಭಯ ನಿವಾರಿಸಿಬಿಡೋಣ. ಬೆನ್ನುಹುರಿ ಸೊಂಟದ ಮೊದಲನೇ ಎರಡನೇ ಮಣಿಯ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಕ್ಕೆ ಇಳಿಯುವುದು ನರಗಳ ಗೊಂಚಲು, ಕುದುರೆಯ ಬಾಲದಂತಿರುವುದರಿಂದ ಅದರ ಹೆಸರೂ ಕಾಡಾ ಇಕ್ವೈನಾ, ಕುದುರೆಬಾಲ. ಸೊಂಟದ ಹರ್ನಿಯೇಷನ್‌ಗಳಲ್ಲಿ ಸುಮಾರು ಶೇ 95 ಆಗುವುದು ಕಟ್ಟಕಡೆಯ ಎರಡು ಡಿಸ್ಕುಗಳಲ್ಲಿ. ಅಂದರೆ ಬಹುಪಾಲು ರೋಗಿಗಳಲ್ಲಿ ಡಿಸ್ಕ್ ತಾಕುವುದು ಒಂದು ನರದ ಬೇರಿಗೆ, ಬೆನ್ನುಹುರಿಗೆ ಅಲ್ಲವೇ ಅಲ್ಲ.

ಯಾವ ಬೇರು ಎಂಬುದನ್ನು ಹತ್ತು ನಿಮಿಷದಲ್ಲಿ ಬರಿಗೈಯಲ್ಲಿ ಹೇಳಬಹುದು, ಒಳ್ಳೆಯ ವೈದ್ಯರ ಕೋಣೆಯಲ್ಲಿ ನೋಡಲು ಚೆಂದ ಅದು. ನಿಮ್ಮನ್ನು ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲನ್ನು ಹಿಮ್ಮಡಿ ಹಿಡಿದು ನಿಧಾನಕ್ಕೆ ಮೇಲೆತ್ತುತ್ತಾರೆ. 30ರಿಂದ 70 ಡಿಗ್ರಿ ಒಳಗೆ ಕಾಲಿನುದ್ದಕ್ಕೂ ಮಿಂಚು ಹೊಡೆದರೆ ನರದ ಬೇರು ಎಳೆದುಕೊಳ್ಳುತ್ತಿದೆ ಎಂದರ್ಥ. ತೊಡೆಯ ಹಿಂದೆ ಬರೀ ಬಿಗಿದಂತಾದರೆ ಅದು ಸ್ನಾಯು, ಲೆಕ್ಕಕ್ಕಿಲ್ಲ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲು ಚುರುಕ್ ಎಂದರೆ ಡಿಸ್ಕಿನ ಮೇಲಿನ ಅನುಮಾನ ಬಲವಾಗುತ್ತದೆ. ಸರ್ಬಿಯಾದ ಲಾಜಾ ಲಾಜರೆವಿಚ್ ಎಂಬ ವೈದ್ಯ 1880ರಲ್ಲಿ ಇದನ್ನು ವಿವರಿಸಿದ. ಆತ ಕಥೆಗಾರನೂ ಹೌದು. ಆದರೆ ಪರೀಕ್ಷೆಗೆ ಅಂಟಿಕೊಂಡದ್ದು ಹೆಚ್ಚಾಗಿ ಫ್ರಾನ್ಸಿನ ಲಸೇಗ್ ಹೆಸರು.

ಆಮೇಲೆ ಹಿಮ್ಮಡಿ ಮೇಲೆ ನಡೆಯಿರಿ, ತುದಿಗಾಲಲ್ಲಿ ನಡೆಯಿರಿ ಎನ್ನುತ್ತಾರೆ. ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲದೆ, ಪಾದದ ಮೇಲ್ಭಾಗ ಮರಗಟ್ಟಿದ್ದರೆ ಐದನೇ ಸೊಂಟದ ನರ. ತುದಿಗಾಲಲ್ಲಿ ನಿಲ್ಲಲಾಗದೆ, ಪಾದದ ಹೊರಅಂಚು ಜುಮುಗುಟ್ಟಿ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ಪಾದ ಜಿಗಿಯದಿದ್ದರೆ ಅದರ ಕೆಳಗಿನ ಎಸ್‌1. ಈ ಪರೀಕ್ಷೆಯಾಗದೆ ನೇರ ಸ್ಕ್ಯಾನಿಗೆ ಹೋದವರ ಗೋಳು ಬೇರೆ.

ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ

ಗೋಳು ಯಾಕೆಂದರೆ ಎಂಆರ್‌ಐ ತುಂಬಾ ಚೆನ್ನಾಗಿ ನೋಡುತ್ತದೆ. 1994ರಲ್ಲಿ ಸೊಂಟನೋವೇ ಇಲ್ಲದ 98 ಮಂದಿಯನ್ನು ಸ್ಕ್ಯಾನ್ ಮಾಡಿ ನೋಡಿದರು. ಶೇ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇ 27 ಮಂದಿಗೆ ಪ್ರೊಟ್ರೂಷನ್ ಇತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ 36 ಮಾತ್ರ. ಇಂಥ 33 ಅಧ್ಯಯನಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು 2015ರಲ್ಲಿ ಒಟ್ಟುಗೂಡಿಸಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಕಂಡಿತು, ಎಂಬತ್ತರವರಲ್ಲಿ ಶೇ 96. ‘ಡಿಜೆನರೇಷನ್’ ಎಂಬ ಶಬ್ದ ವರದಿಯಲ್ಲಿ ನೋಡಿ ಕಂಗಾಲಾಗುವವರಿಗೆ ನಾನು ಹೇಳುವುದಿಷ್ಟೆ: ನೆರೆಗೂದಲನ್ನೂ ಸ್ಕ್ಯಾನ್ ಮಾಡಿದರೆ ಹಾಗೇ ಬರೆಯುತ್ತಾರೆ.

ಚಿತ್ರದಲ್ಲಿ ಎಡಗಡೆ ಒತ್ತಿದ್ದು, ನೋವು ಬಲಗಾಲಲ್ಲಿ ಇದ್ದರೆ ಆ ಚಿತ್ರದಿಂದ ಪ್ರಯೋಜನವಿಲ್ಲ. ಚಿತ್ರ, ನೋವಿನ ದಾರಿ, ಪರೀಕ್ಷೆಯಲ್ಲಿ ಸಿಕ್ಕ ನರ, ಮೂರೂ ಒಂದೇ ಕಡೆ ಬೆರಳು ತೋರಿಸಬೇಕು. ನರದ ಬಲ ಕುಂದಿಲ್ಲದಿದ್ದರೆ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ದೊಡ್ಡ ಪೆಟ್ಟು ಬಿದ್ದದ್ದು, ಇಂಥ ಯಾವ ಸುಳಿವೂ ಇಲ್ಲದಿದ್ದರೆ ಮೊದಲ ಕೆಲವು ವಾರ ಸ್ಕ್ಯಾನ್ ಬೇಡವೆಂದೇ ವೈದ್ಯರು ಹೇಳುವುದು ಈ ಕಾರಣಕ್ಕೆ.

ಇನ್ನು ಆ ಸಿಹಿಸುದ್ದಿ. ಹೊರಬಿದ್ದ ತಿರುಳನ್ನು ದೇಹ ತನ್ನದೆಂದು ಗುರುತಿಸುವುದಿಲ್ಲ. ಹುಟ್ಟಿದಾಗಿನಿಂದ ಬಳೆಯೊಳಗೆ, ರಕ್ತದ ಸಂಪರ್ಕವಿಲ್ಲದೆ ಅಡಗಿದ್ದ ವಸ್ತು ಅದು. ಹೊರಬಂದ ಕೂಡಲೇ ಅದರ ಸುತ್ತ ಹೊಸ ರಕ್ತನಾಳಗಳು ಚಿಗುರುತ್ತವೆ, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಬಂದು ಮುತ್ತಿಕೊಂಡು ಮೆಲ್ಲಗೆ ಮೆಲ್ಲುತ್ತ ತಿಂದು ಹಾಕುತ್ತವೆ. ಬಳೆಯ ಒಳಗೇ ಉಳಿದ ಉಬ್ಬು ಈ ಕಾವಲುಗಾರರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಹೀಗಾಗಿ ಲೆಕ್ಕ ತಲೆಕೆಳಗು. 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಆಪರೇಷನ್ ಇಲ್ಲದೆ ತಾನಾಗಿ ಕುಗ್ಗಿದ್ದು ಬಲ್ಜ್‌ಗಳಲ್ಲಿ ಶೇ 13, ಪ್ರೊಟ್ರೂಷನ್‌ಗಳಲ್ಲಿ 41, ಎಕ್ಸ್‌ಟ್ರೂಷನ್‌ಗಳಲ್ಲಿ 70, ಕಳಚಿಬಿದ್ದ ತುಂಡುಗಳಲ್ಲಿ 96. ವರದಿಯಲ್ಲಿ ಎಲ್ಲಕ್ಕಿಂತ ಭಯಂಕರವಾಗಿ ಕೇಳಿಸುವ ತುಂಡೇ ಎಲ್ಲಕ್ಕಿಂತ ಚೆನ್ನಾಗಿ ಕರಗುತ್ತದೆ.

ಹಾಗಾದರೆ ಚಿಕಿತ್ಸೆ ಯಾವುದಕ್ಕೆ?

ದೇಹ ಕಸ ಗುಡಿಸುವವರೆಗೆ ಆ ಕೆಲವು ವಾರಗಳನ್ನು ದಾಟಿಸಲು. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ನೋವು ಗಣನೀಯವಾಗಿ ಇಳಿಯುತ್ತದೆ. ‘ಹನ್ನೆರಡು ವಾರ’ ಎಂದು ಓದುವುದು ಸುಲಭ, ರಾತ್ರಿ ಮೂರು ಗಂಟೆಗೆ ಗೋಡೆ ಹಿಡಿದು ನಿಂತಿರುವವರಿಗೆ ಅದು ಸುಲಭವಲ್ಲ ಎಂಬುದೂ ನನಗೆ ಗೊತ್ತು.

ಹಾಸಿಗೆ ಹಿಡಿಯುವುದೇ ಮದ್ದು ಎಂಬ ಕಾಲವೊಂದಿತ್ತು. ನೆದರ್ಲೆಂಡ್ಸ್‌ನಲ್ಲಿ 183 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಎರಡು ವಾರ ಮಲಗಿಯೇ ಇರಲು ಹೇಳಿ, ಉಳಿದವರನ್ನು ಅವರ ಪಾಡಿಗೆ ಬಿಟ್ಟು ನೋಡಿದರು. 1999ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ತೀರಾ ತಡೆಯಲಾಗದ ಒಂದೆರಡು ದಿನ ಮಲಗಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡರೆ ಹಾಯೆನಿಸುತ್ತದೆ. ಆಮೇಲೆ ಎದ್ದು ಓಡಾಡಬೇಕು, ಹತ್ತು ಹೆಜ್ಜೆಯಾದರೂ ಸರಿ.

ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು ಕೆಲವರಿಗೆ ಕೈ ಹಿಡಿಯುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರು ಅಂಗಡಿಯಿಂದ ತಾವಾಗಿ ತಂದು ನುಂಗಬಾರದು. ‘ನರದ ಮಾತ್ರೆ’ ಎಂದು ಕೊಡುವ ಪ್ರಿಗಾಬಲಿನ್ ಮೇಲೆ ಎಲ್ಲರಿಗೂ ಭರವಸೆಯಿತ್ತು. ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು ತಂದಿತು. ನರದ ಬೇರಿನ ಹತ್ತಿರಕ್ಕೆ ಸ್ಟೀರಾಯ್ಡ್ ಚುಚ್ಚುವ ಇಂಜೆಕ್ಷನ್ ಕೆಲವು ವಾರ ಸ್ವಲ್ಪ ಆರಾಮ ಕೊಡುತ್ತದೆ, ದೀರ್ಘಕಾಲದಲ್ಲಿ ಅದರ ಗುರುತು ಉಳಿಯುವುದಿಲ್ಲ. ನಿದ್ದೆಯಿಲ್ಲದ ಮನುಷ್ಯನಿಗೆ ಆ ಕೆಲವು ವಾರವೇ ದೊಡ್ಡದು, ಹಾಗಾಗಿ ಅದನ್ನು ತಳ್ಳಿಹಾಕುವಂತಿಲ್ಲ. ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್‌ಗೆ ಮಾತ್ರ ಇಷ್ಟು ವರ್ಷವಾದರೂ ಗಟ್ಟಿ ಆಧಾರ ಸಿಕ್ಕಿಲ್ಲ. ಬೆಲ್ಟ್ ಕೂಡ ಪ್ರಯಾಣದ ಸಂಗಾತಿಯೇ ಹೊರತು ಚಿಕಿತ್ಸೆಯಲ್ಲ.

ವ್ಯಾಯಾಮದ ವಿಷಯಕ್ಕೆ ಬಂದರೆ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಕಥೆ ಹೇಳಲೇಬೇಕು. 1956ರಲ್ಲಿ ಆತ ಒಬ್ಬ ರೋಗಿಗೆ ಒಳಗೆ ಹೋಗಿ ಬೋರಲು ಮಲಗಿರಿ ಎಂದ. ಹಿಂದಿನ ರೋಗಿಗಾಗಿ ಮಂಚದ ತಲೆಯ ಕಡೆ ಎತ್ತರಿಸಿಟ್ಟಿದ್ದರು, ಇಳಿಸಲು ಮರೆತಿದ್ದರು. ರೋಗಿ ಹಾಗೇ ಬೆನ್ನು ಹಿಂದಕ್ಕೆ ಬಾಗಿದಂತೆ ಬೋರಲು ಬಿದ್ದುಕೊಂಡ. ಮೆಕೆಂಜಿ ಬಂದು ನೋಡಿ ಗಾಬರಿಯಾದರೆ, ವಾರಗಳಿಂದ ಇದ್ದ ಕಾಲುನೋವು ಹೋಗಿದೆ ಎಂದ ಆತ. ಅಲ್ಲಿಂದ ಹುಟ್ಟಿದ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಅದು ಕೊಟ್ಟ ಒಂದು ಗುರುತು ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ಭಂಗಿಯಲ್ಲಿ ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಕುಂಡಿಗೆ ಹೀಗೆ ಮೇಲಕ್ಕೆ ಸರಿಯುತ್ತ ಬಂದರೆ, ಸೊಂಟ ಆ ಹೊತ್ತಿಗೆ ಹೆಚ್ಚು ನೊಂದರೂ, ಅದು ಒಳ್ಳೆಯ ಲಕ್ಷಣ. ನೋವು ಇನ್ನೂ ಕೆಳಕ್ಕೆ ಇಳಿಯುತ್ತಿದ್ದರೆ ಆ ವ್ಯಾಯಾಮ ನಿಮ್ಮದಲ್ಲ, ನಿಲ್ಲಿಸಿ.

ಆಪರೇಷನ್ ಎಂಬ ದೊಡ್ಡ ಪ್ರಶ್ನೆ

‘ಬೆನ್ನಿಗೆ ಕತ್ತರಿ ಹಾಕಿಸಿದರೆ ಹಾಸಿಗೆಯೇ ಗತಿ’ ಎನ್ನುವವರು ಒಂದು ಕಡೆ, ‘ತೆಗೆಸಿ ಬಿಸಾಕಿ’ ಎನ್ನುವವರು ಇನ್ನೊಂದು ಕಡೆ. ನೆದರ್ಲೆಂಡ್ಸ್‌ನಲ್ಲಿ ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ್ದ 283 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವುದು, ತಡೆಯಲಾಗದಿದ್ದರೆ ಮಾತ್ರ ಆಪರೇಷನ್. 2007ರಲ್ಲಿ ಬಂದ ಫಲಿತಾಂಶ ಇಬ್ಬರ ವಾದವನ್ನೂ ಅರ್ಧರ್ಧ ಒಪ್ಪುವಂತಿದೆ. ಬೇಗ ಮಾಡಿಸಿಕೊಂಡವರು ಚೇತರಿಸಿಕೊಳ್ಳಲು ಸುಮಾರು 4 ವಾರ ಹಿಡಿದರೆ, ಕಾದವರಿಗೆ 12 ವಾರ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ 39 ಮಂದಿ ಮಧ್ಯದಲ್ಲಿ ಕೈಚೆಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು ಎಂಬುದನ್ನೂ ಮರೆಯಬಾರದು. ಅಂದರೆ ನರ ಕುಂದದ ರೋಗಿಗೆ ಆಪರೇಷನ್ ಕೊಡುವುದು ಮುಖ್ಯವಾಗಿ ಸಮಯ. ಆ ಸಮಯದ ಬೆಲೆ ಎಷ್ಟೆಂದು ರೋಗಿಯೇ ಹೇಳಬೇಕು, ವೈದ್ಯರು ಹೇಳಲಾಗದು.

ಇಂದು ಹೆಚ್ಚಾಗಿ ಮಾಡುವುದು ಮೈಕ್ರೊಡಿಸೆಕ್ಟಮಿ, 1970ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ವಿಧಾನ. ರೋಗಿಯನ್ನು ಬೋರಲು ಮಲಗಿಸಿ, ಎಕ್ಸ್‌ರೇಯಲ್ಲಿ ಸರಿಯಾದ ಡಿಸ್ಕ್ ಇದೇ ಎಂದು ಖಾತ್ರಿ ಮಾಡಿಕೊಂಡು, ಎರಡು ಮೂರು ಸೆಂಟಿಮೀಟರ್ ಸೀಳುತ್ತಾರೆ. ಸ್ನಾಯುವನ್ನು ಬದಿಗೆ ಸರಿಸಿ, ಮೂಳೆಯ ಚೂರು ತೆಗೆದು, ಹಳದಿ ಬಣ್ಣದ ಅಸ್ಥಿರಜ್ಜುವಿಗೆ ಕಿಂಡಿ ಮಾಡಿದರೆ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ನರದ ಬೇರು ಕಾಣುತ್ತದೆ, ಕೆಳಗಿನಿಂದ ತುಂಡು ತಳ್ಳಿ ಬಿಗಿದುಕೊಂಡಂತೆ. ನರವನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಕೊಕ್ಕಿನಂಥ ಇಕ್ಕಳದಿಂದ ಆ ತುಂಡನ್ನು ಎಳೆದು ತೆಗೆಯುತ್ತಾರೆ. ಬೆಂದ ಏಡಿಯ ಮಾಂಸದ ಹಾಗೆ ಬಿಳಿಯಾಗಿ ನಾರುನಾರಾಗಿರುತ್ತದೆ ಎಂದು ಶಸ್ತ್ರವೈದ್ಯರು ಹೇಳುವುದುಂಟು. ತೆಗೆಯುವುದು ಹೊರಬಿದ್ದದ್ದನ್ನು ಮತ್ತು ಸಡಿಲವಾದದ್ದನ್ನು, ಡಿಸ್ಕಿನ ಬಹುಭಾಗ ಇದ್ದಲ್ಲೇ ಇರುತ್ತದೆ. ಅದಕ್ಕಾಗಿಯೇ ಕೆಲವರಲ್ಲಿ ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರುವುದು. ನರದ ಹೊದಿಕೆ ಹರಿಯುವುದು, ಸೋಂಕು, ಇವು ಅಪರೂಪವಾದರೂ ಇಲ್ಲವೆನ್ನಲಾಗದ ಅಪಾಯಗಳು. ಕಾಲಿನ ನೋವು ಹಲವರಿಗೆ ಅರಿವಳಿಕೆ ಇಳಿದಾಗಲೇ ಮಾಯವಾಗಿರುತ್ತದೆ, ಮರಗಟ್ಟುವಿಕೆ ಹೋಗಲು ತಿಂಗಳುಗಳು ಬೇಕು. ಬರೀ ಸೊಂಟನೋವಿದ್ದು ಕಾಲುನೋವಿಲ್ಲದವರಿಗೆ ಈ ಆಪರೇಷನ್‌ನಿಂದ ಹೆಚ್ಚು ಲಾಭವಿಲ್ಲ.

ಕತ್ತರಿಯೇ ಬೇಡ ಎಂದು ಹೊರಟ ಪ್ರಯತ್ನವೊಂದು ಪಪ್ಪಾಯಿಯಿಂದ ಬಂತು. ಪಪ್ಪಾಯಿಯ ಪಪೇನ್ ಕಿಣ್ವ ಚುಚ್ಚಿದ ಮೊಲಗಳ ಕಿವಿಗಳು ಜೋತುಬಿದ್ದದ್ದನ್ನು ಅಮೆರಿಕದ ವೈದ್ಯ ಲೂಯಿಸ್ ಥಾಮಸ್ 1956ರಲ್ಲಿ ಬರೆದ. ಕಿವಿಯ ಮೃದ್ವಸ್ಥಿ ಕರಗುವುದಾದರೆ ಡಿಸ್ಕಿನ ತಿರುಳು ಯಾಕೆ ಕರಗಬಾರದು ಎಂದು ಅಲ್ಲಿನದೇ ಮೂಳೆವೈದ್ಯ ಲೈಮನ್ ಸ್ಮಿತ್ ಯೋಚಿಸಿದ, 1960ರ ದಶಕದಲ್ಲಿ ಅದರ ಸೋದರ ಕಿಣ್ವವನ್ನು ರೋಗಿಗಳ ಡಿಸ್ಕಿಗೇ ಚುಚ್ಚಿದ. ಕೆಲಸವೂ ಮಾಡಿತು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಕೆಲವರಿಗೆ ತೀವ್ರ ಅಲರ್ಜಿ, ಬೆರಳೆಣಿಕೆಯಷ್ಟು ಮಂದಿಗೆ ನರದ ಭಾರೀ ಹಾನಿ ಆಗಿ ಹೆಸರು ಕೆಟ್ಟಿತು, 2003ರ ಹೊತ್ತಿಗೆ ಮಾರುಕಟ್ಟೆಯಿಂದಲೇ ಮರೆಯಾಯಿತು. ಅದೇ ಯೋಚನೆಯ ಬೇರೊಂದು ಕಿಣ್ವ, ಕೊಂಡೊಲಿಯೇಸ್, ಜಪಾನಿನಲ್ಲಿ 2018ರಲ್ಲಿ ಒಪ್ಪಿಗೆ ಪಡೆದಿದೆ.

ಕಾಯಬಾರದ ಸಂದರ್ಭ

ಇಷ್ಟು ಹೊತ್ತು ಕಾಯಿರಿ ಎಂದೆ. ಈಗ ಹೇಳುವುದಕ್ಕೆ ಒಂದು ರಾತ್ರಿಯೂ ಕಾಯುವಂತಿಲ್ಲ. ಮೂತ್ರ ಕಟ್ಟಿಕೊಂಡರೆ, ಅಥವಾ ತುಂಬಿದ್ದೂ ತಿಳಿಯದೆ ತೊಟ್ಟಿಕ್ಕಿದರೆ, ಮಲ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿ ತೊಳೆದುಕೊಳ್ಳುವಾಗ ಸ್ಪರ್ಶವೇ ಗೊತ್ತಾಗದಿದ್ದರೆ, ಎರಡೂ ಕಾಲಿಗೆ ನೋವು ಅಥವಾ ಬಲಹೀನತೆ ಹಬ್ಬಿದರೆ, ಕುದುರೆಬಾಲದ ಇಡೀ ಗೊಂಚಲೇ ಒತ್ತಿಕೊಂಡಿರಬಹುದು. ಇದು ಅಪರೂಪ. ಆದರೆ ಗಂಟೆಗಳ ಲೆಕ್ಕ, 48 ಗಂಟೆಯೊಳಗೆ ಒತ್ತಡ ಬಿಡಿಸಿದವರ ಫಲಿತಾಂಶ ತಡವಾದವರಿಗಿಂತ ಚೆನ್ನಾಗಿರುತ್ತದೆ. ಸಂಕೋಚದಿಂದ ಹೇಳದೇ ಇರುವ ಲಕ್ಷಣಗಳೇ ಇವು, ವೈದ್ಯರು ಕೇಳದಿದ್ದರೂ ಹೇಳಬೇಕು. ನಡೆಯುವಾಗ ಪಾದ ಜೋತುಬಿದ್ದು ಚಪ್ಪಲಿ ಕಳಚುತ್ತಿದ್ದರೆ, ದಿನದಿನಕ್ಕೆ ಬಲ ಕುಂದುತ್ತಿದ್ದರೆ, ಅದೂ ಬೇಗ ತೋರಿಸಬೇಕಾದದ್ದೇ. ನೋವು ಒಮ್ಮೆಲೇ ಹೋಗಿ ಬಲವೂ ಹೋಗಿದ್ದರೆ ಅದು ಗುಣವಾದದ್ದಲ್ಲ, ನರ ಸುಮ್ಮನಾದದ್ದು.

ಕತ್ತಿನಲ್ಲಿ ಇದೇ ಆದಾಗ ನೋವು ಭುಜದಿಂದ ತೋಳಿಗೆ, ಬೆರಳುಗಳಿಗೆ ಇಳಿಯುತ್ತದೆ. ಬಹುಮಟ್ಟಿಗೆ ಕಾಲಿನ ಕಥೆಯೇ, ತಾನಾಗಿ ಇಳಿಯುವುದೂ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಹಿಂದೆ ಇರುವುದು ನಿಜವಾದ ಬೆನ್ನುಹುರಿ. ಅಂಗಿಯ ಗುಂಡಿ ಹಾಕಲು ಬೆರಳು ತೊಡರುವುದು, ಅಕ್ಷರ ಹಾಳಾಗುವುದು, ನಡೆಯುವಾಗ ತೂರಾಡುವುದು ಕಂಡರೆ ಕತ್ತುನೋವು ಇರಲಿ ಬಿಡಲಿ, ತಡಮಾಡಬಾರದು.

ಎಲ್ಲ ಮುಗಿದು ಆರಾಮಾದ ಮೇಲೆ ‘ಇನ್ನೊಂದು ಎಂಆರ್‌ಐ ಮಾಡಿಸಿ ಹೋಗಿದೆಯಾ ನೋಡೋಣ’ ಎಂಬ ಆಸೆ ಬರುತ್ತದೆ. ಆಪರೇಷನ್ ಅಧ್ಯಯನದ ಆ ನೆದರ್ಲೆಂಡ್ಸ್ ರೋಗಿಗಳಿಗೆ ವರ್ಷದ ನಂತರ ಮತ್ತೆ ಸ್ಕ್ಯಾನ್ ಮಾಡಿದ್ದರು. ಚೆನ್ನಾಗಿ ಗುಣವಾದವರಲ್ಲಿ ಶೇ 35 ಮಂದಿಗೆ ಹರ್ನಿಯೇಷನ್ ಇನ್ನೂ ಚಿತ್ರದಲ್ಲಿ ಕಾಣುತ್ತಿತ್ತು, ಗುಣವಾಗದವರಲ್ಲಿ ಶೇ 33 ಮಂದಿಗೆ.